ಬಟ್ಟಲಿನಿಂದ ನರದವರೆಗೆ: ವಿಟಮಿನ್ ಕೊರತೆ ನರಗಳನ್ನು ಕೆಡಿಸುವ ಬಗೆ

ಆದಿ ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದದ್ದು ಅವರಿಗೆ ಗೊತ್ತಾಗಿರಲಿಲ್ಲ. ಮೀನು ತರಲು ಹೊರಟವರು ಒಂದೇ ಚಪ್ಪಲಿಯಲ್ಲಿ ಹತ್ತು ಹೆಜ್ಜೆ ನಡೆದಿದ್ದರು. ಹಿಂದಿನಿಂದ ಬರುತ್ತಿದ್ದ ಹುಡುಗನೊಬ್ಬ "ಅಮ್ಮಾ, ಚಪ್ಪಲಿ ಇಲ್ಲೇ ಉಂಟು" ಎಂದು ಕೂಗಿದಾಗಲೇ ಬಗ್ಗಿ ನೋಡಿಕೊಂಡರು. ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದರು, ನಾವೂ ನಕ್ಕೆವು. ಎರಡು ತಿಂಗಳು ಕಳೆದ ಮೇಲೆ ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳಲು ಕಣ್ಣು ಮುಚ್ಚಿದ ಕ್ಷಣದಲ್ಲಿ ವಾಲಿ ಗೋಡೆಗೆ ಒರಗಿದರು. "ನೆಲ ಹತ್ತಿಯ ಹಾಗೆ ಆಗ್ತದೆ ಮಾರಾಯ, ಕಾಲು ಎಲ್ಲಿ ಉಂಟು ಅಂತಲೇ ಗೊತ್ತಾಗುವುದಿಲ್ಲ" ಎಂದರು. ಅವರಿಗೆ ಹದಿನಾಲ್ಕು ವರ್ಷಗಳಿಂದ ಮಧುಮೇಹ. ಶುಗರ್ ಇದ್ದವರಿಗೆ ಕಾಲು ಜೋಮು ಹಿಡಿಯುವುದು ಇದ್ದದ್ದೇ ಎಂಬ ತೀರ್ಮಾನಕ್ಕೆ ಮನೆಯವರೂ, ಅವರು ಮೊದಲಿನಿಂದ ತೋರಿಸುತ್ತಿದ್ದ ವೈದ್ಯರೂ ಬಂದುಬಿಟ್ಟಿದ್ದರು.

ಬಿ12 ಕಡಿಮೆ ಇರಬಹುದೇ ಎಂದು ಯಾರೋ ಕೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಅದು ಸಸ್ಯಾಹಾರಿಗಳ ತೊಂದರೆ, ವಾರಕ್ಕೆ ನಾಲ್ಕು ದಿನ ಬಂಗುಡೆಯೋ ಬೂತಾಯಿಯೋ ಬೇಯುವ ಮನೆಗೆ ಅದು ಎಲ್ಲಿಂದ ಬರಬೇಕು ಎಂಬುದು ಎಲ್ಲರ ವಾದ. ಕೊನೆಗೆ ನರರೋಗ ತಜ್ಞರೊಬ್ಬರು ದೊಡ್ಡಮ್ಮನ ಕಾಲಿನ ಹೆಬ್ಬೆರಳಿನ ಎಲುಬಿನ ಮೇಲೆ ಕಂಪಿಸುವ ಟ್ಯೂನಿಂಗ್ ಫೋರ್ಕ್ ಇಟ್ಟು "ಝುಂ ಅನ್ನುವುದು ತಿಳಿಯುತ್ತದಾ ಅಮ್ಮ?" ಎಂದು ಕೇಳಿದರು. ತಿಳಿಯಲಿಲ್ಲ. ಪಾದದ ಮೇಲಿನ ಗಂಟಿಗೆ ಇಟ್ಟಾಗಲೂ ತಿಳಿಯಲಿಲ್ಲ. ಮೊಣಕಾಲಿಗೆ ಬಂದಾಗ ಮಾತ್ರ "ಹ್ಞಾಂ, ಇಲ್ಲಿ ಉಂಟು" ಎಂದರು. ರಕ್ತ ಪರೀಕ್ಷೆಯಲ್ಲಿ ಬಿ12 ಮಟ್ಟ ಒಂದು ಮಿಲಿಲೀಟರಿಗೆ 148 ಪಿಕೊಗ್ರಾಮ್ ಬಂತು. 200ಕ್ಕಿಂತ ಕಡಿಮೆಯಾದರೆ ಕೊರತೆ ಎಂಬುದು ಸಾಮಾನ್ಯ ಲೆಕ್ಕ. ಮೀನು ಬಟ್ಟಲಿಗೆ ಬರುತ್ತಿತ್ತು, ಆದರೆ ಮೀನಿನೊಳಗಿನ ವಿಟಮಿನ್ ನರಕ್ಕೆ ತಲುಪುತ್ತಿರಲಿಲ್ಲ. ವಿಟಮಿನ್ ಕೊರತೆಯಿಂದ ನರ ಕೆಡುವ ವಿಷಯದಲ್ಲಿ ನಾವು ಹೆಚ್ಚಾಗಿ ಏನು ತಿನ್ನುತ್ತೇವೆ ಎಂಬಲ್ಲಿಗೇ ನಿಂತುಬಿಡುತ್ತೇವೆ. ಬಟ್ಟಲಿನಿಂದ ನರದವರೆಗಿನ ದಾರಿ ಉದ್ದವಾದದ್ದು, ಅದು ಹಲವು ಕಡೆ ಕಡಿಯಬಹುದಾದದ್ದು, ಮತ್ತು ಒಂದೊಂದು ವಿಟಮಿನ್ನಿಗೂ ಕಡಿಯುವ ಜಾಗ ಬೇರೆ ಬೇರೆ.

ಮೊದಲು ನರದ ಕಷ್ಟವೇನು ಎಂದು ನೋಡಬೇಕು. ದೇಹದ ಬಹುತೇಕ ಕೋಶಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಆದರೆ ಸೊಂಟದ ಬಳಿ ಮೂಲವಿರುವ ಒಂದು ನರಕೋಶದ ಎಳೆ ಕಾಲಿನ ಬೆರಳ ತುದಿಯವರೆಗೆ, ಸುಮಾರು ಒಂದು ಮೀಟರ್ ಉದ್ದಕ್ಕೆ, ಒಂದೇ ಕೋಶವಾಗಿ ಚಾಚಿಕೊಂಡಿರುತ್ತದೆ. ಆ ತುದಿಗೆ ಬೇಕಾದ ಸಾಮಗ್ರಿಯ ಬಹುಪಾಲು ಮೂಲದಲ್ಲಿ ತಯಾರಾಗಿ ಎಳೆಯೊಳಗೇ ಸಾಗಿ ಹೋಗಬೇಕು, ಮತ್ತು ಆ ಸಾಗಾಟದ ಅತಿ ವೇಗವೆಂದರೆ ದಿನಕ್ಕೆ ಸುಮಾರು 40 ಸೆಂಟಿಮೀಟರ್. ಅಂದರೆ ಸೊಂಟದಲ್ಲಿ ಹೊರಟದ್ದು ಪಾದ ಮುಟ್ಟಲು ಎರಡು ಮೂರು ದಿನ ಬೇಕು. ಈ ಸಾಗಾಟಕ್ಕೂ, ಸಂಜ್ಞೆ ಕಳಿಸುವುದಕ್ಕೂ ಎಡೆಬಿಡದೆ ಶಕ್ತಿ ಬೇಕು. ಜೊತೆಗೆ, ವೇಗವಾಗಿ ಸಂಜ್ಞೆ ಒಯ್ಯುವ ಎಳೆಗಳ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಸುರುಳಿ ಸುತ್ತಿಕೊಂಡಿರುತ್ತದೆ. ಅದಿದ್ದರೆ ಸಂಜ್ಞೆ ಸೆಕೆಂಡಿಗೆ 50 ಮೀಟರ್‌ಗೂ ಹೆಚ್ಚು ದೂರ ಓಡುತ್ತದೆ. ಅದಿಲ್ಲದ ಸಣ್ಣ ಎಳೆಗಳಲ್ಲಿ ಒಂದು ಮೀಟರಿನ ಆಸುಪಾಸಿನಲ್ಲೇ ತೆವಳುತ್ತದೆ. ಶಕ್ತಿಯ ಪೂರೈಕೆಗೆ ಬಿ1 ಮುಖ್ಯ, ಹೊದಿಕೆಯ ದುರಸ್ತಿಗೆ ಬಿ12 ಮತ್ತು ಫೋಲೇಟ್ (ಬಿ9) ಮುಖ್ಯ, ನರದಿಂದ ನರಕ್ಕೆ ದಾಟುವ ರಾಸಾಯನಿಕಗಳ ತಯಾರಿಗೆ ಬಿ6 ಮುಖ್ಯ. ಪೂರೈಕೆ ತಗ್ಗಿದಾಗ ಎಲ್ಲಕ್ಕಿಂತ ಉದ್ದವಾದ ಎಳೆಯ ತುದಿಗೆ ಮೊದಲು ಕೊರತೆ ತಟ್ಟುತ್ತದೆ. ಊರಿನ ನೀರಿನ ಪೈಪಿನಲ್ಲಿ ಒತ್ತಡ ಇಳಿದರೆ ಕೊನೆಯ ಮನೆಯ ನಲ್ಲಿ ಮೊದಲು ಒಣಗುವ ಹಾಗೆ. ಆದ್ದರಿಂದಲೇ ಜೋಮು, ಉರಿ, ಸೂಜಿ ಚುಚ್ಚಿದಂತಾಗುವುದು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗಿ, ಕಾಲುಚೀಲದಂತೆ ಮೇಲಕ್ಕೆ ಏರುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಪಟ್ಟಿಯಲ್ಲಿ ನೋವಿದ್ದರೆ ಅದು ಬೆನ್ನಿನ ಡಿಸ್ಕಿನದ್ದೋ ಒತ್ತಿಹೋದ ನರದ್ದೋ ಆಗಿರುವ ಸಾಧ್ಯತೆ ಹೆಚ್ಚು.

ಬಿ12 ವಿಟಮಿನ್ನಿನ ಪ್ರಯಾಣ ಇವೆಲ್ಲಕ್ಕಿಂತ ಉದ್ದವಾದದ್ದು, ವಿಚಿತ್ರವಾದದ್ದೂ ಹೌದು. ಅದನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ; ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾದಿಂದ ಹಾಲಿಗೆ, ಸಮುದ್ರದ ಸೂಕ್ಷ್ಮಜೀವಿಗಳಿಂದ ಮೀನು ಮರುವಾಯಿಗಳಿಗೆ ಬಂದು ಸೇರುತ್ತದೆ. ಹಾಗೆ ನೋಡಿದರೆ ನಮ್ಮ ಕರಾವಳಿಗೆ ಇದರ ಕೊರತೆ ಇರಲೇಬಾರದು. ಮರುವಾಯಿ ಜಾತಿಯ ಚಿಪ್ಪುಜೀವಿಗಳು ಬಿ12 ಅತಿ ಹೆಚ್ಚಿರುವ ಆಹಾರಗಳಲ್ಲಿ ಒಂದು, ಬೂತಾಯಿ ಬಂಗುಡೆಗಳೂ ಅದರಲ್ಲಿ ಶ್ರೀಮಂತವೇ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು, ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗ.

ಆದರೆ ಮೀನಿನಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಅದನ್ನು ಬಿಡಿಸಬೇಕು. ಬಿಡುಗಡೆಯಾದ ವಿಟಮಿನ್ನನ್ನು ಮೊದಲು ಜೊಲ್ಲಿನಿಂದ ಬಂದ ಒಂದು ಪ್ರೋಟೀನ್ ಹಿಡಿದುಕೊಂಡು ಆಮ್ಲದಿಂದ ಕಾಪಾಡುತ್ತದೆ. ಸಣ್ಣಕರುಳಿನ ಆರಂಭದಲ್ಲಿ ಮೇದೋಜೀರಕದ ಕಿಣ್ವಗಳು ಆ ಹಿಡಿತವನ್ನೂ ಬಿಡಿಸುತ್ತವೆ. ಅಲ್ಲಿ ಜಠರದ ಗೋಡೆಯೇ ಸ್ರವಿಸಿ ಕಳಿಸಿದ 'ಇಂಟ್ರಿನ್ಸಿಕ್ ಫ್ಯಾಕ್ಟರ್' ಎಂಬ ಇನ್ನೊಂದು ಪ್ರೋಟೀನ್ ಕೈಹಿಡಿಯುತ್ತದೆ. ಈ ಜೋಡಿ ಸಣ್ಣಕರುಳಿನ ಉದ್ದಕ್ಕೂ ಸಾಗಿ, ಅದರ ಕೊನೆಯ ಭಾಗದಲ್ಲಿ ಮಾತ್ರ ಇರುವ ಬಾಗಿಲುಗಳ ಮೂಲಕ ರಕ್ತಕ್ಕೆ ಸೇರಬೇಕು. ಇಷ್ಟು ಕೈ ಬದಲಾಯಿಸಿ ಬರುವ ಮತ್ತೊಂದು ವಿಟಮಿನ್ ಇಲ್ಲ. ವಯಸ್ಸಾದಂತೆ ಹಲವರಲ್ಲಿ ಜಠರದ ಆಮ್ಲ ಕಡಿಮೆಯಾಗುತ್ತದೆ, ಮೊದಲ ಕೊಂಡಿ ಸಡಿಲವಾಗುತ್ತದೆ. ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್‌ಗಳಂಥ 'ಗ್ಯಾಸ್ಟ್ರಿಕ್ ಮಾತ್ರೆ'ಗಳನ್ನು ವರ್ಷಗಟ್ಟಲೆ ನುಂಗುವವರಲ್ಲೂ ಅದೇ ಆಗುತ್ತದೆ; ಮದುವೆ ಊಟದ ಮುನ್ನಾ ದಿನ ಒಂದು ನುಂಗುವವರ ವಿಷಯ ಇಲ್ಲಿಲ್ಲ, ಬೆಳಗಿನ ಚಹಾಕ್ಕೆ ಮೊದಲು ಅದಿಲ್ಲದೆ ದಿನವೇ ಶುರುವಾಗದವರದ್ದು. ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಿಸುವ ಕೋಶಗಳ ಮೇಲೆ ಬೀಳುತ್ತದೆ; ಇದು ಪರ್ನಿಷಿಯಸ್ ಅನೀಮಿಯಾ. ಬೊಜ್ಜಿಗಾಗಿಯೋ ಹುಣ್ಣಿಗಾಗಿಯೋ ಜಠರವನ್ನು, ಬೇರೆ ರೋಗಕ್ಕಾಗಿ ಸಣ್ಣಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದವರಿಗೆ ದಾರಿಯೇ ಇಲ್ಲವಾಗುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಆ ಕೊನೆಯ ಬಾಗಿಲನ್ನೇ ಅರ್ಧ ಮುಚ್ಚುತ್ತದೆ ಎಂದು ತಿಳಿಯಲಾಗಿದೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷಗಳು ಕಳೆದಷ್ಟೂ ಪರಿಣಾಮ ಹೆಚ್ಚು. ನನ್ನ ದೊಡ್ಡಮ್ಮ ಮೆಟ್‌ಫಾರ್ಮಿನ್ನನ್ನು ಹದಿನಾಲ್ಕು ವರ್ಷ, ಗ್ಯಾಸ್ಟ್ರಿಕ್ ಮಾತ್ರೆಯನ್ನು ಸುಮಾರು ಆರು ವರ್ಷ ತೆಗೆದುಕೊಂಡಿದ್ದರು. ಮೆಟ್‌ಫಾರ್ಮಿನ್ ಕೆಟ್ಟ ಔಷಧವೆಂದು ಇದರರ್ಥವಲ್ಲ. ಅದು ಅಗ್ಗದ, ಒಳ್ಳೆಯ ಔಷಧ; ಅದನ್ನು ತಾವಾಗಿಯೇ ನಿಲ್ಲಿಸಿದರೆ ಏರುವ ಸಕ್ಕರೆಯೇ ನರವನ್ನು ಇನ್ನಷ್ಟು ಕೆಡಿಸುತ್ತದೆ. ದೀರ್ಘಕಾಲ ತೆಗೆದುಕೊಳ್ಳುವವರು ಆಗಾಗ ಬಿ12 ನೋಡಿಸಿಕೊಳ್ಳಬೇಕು, ಅಷ್ಟೇ.

ಇಷ್ಟಾದರೂ ತೊಂದರೆ ಕೂಡಲೇ ಕಾಣುವುದಿಲ್ಲ, ಮೋಸವಿರುವುದು ಅಲ್ಲಿಯೇ. ಯಕೃತ್ತಿನಲ್ಲಿ ಎರಡು ಮೂರು ಮಿಲಿಗ್ರಾಮ್ ಬಿ12 ದಾಸ್ತಾನು ಇರುತ್ತದೆ, ದಿನಕ್ಕೆ ಕಳೆದುಹೋಗುವುದು ಅದರ ಸಾವಿರದಲ್ಲೊಂದು ಪಾಲು ಮಾತ್ರ. ಹೀಗಾಗಿ ಬಾಗಿಲು ಮುಚ್ಚಿ ವರ್ಷಗಳು ಕಳೆದ ಮೇಲೆ ಕಾಲು ಜೋಮು ಹಿಡಿಯುತ್ತದೆ, ಅಷ್ಟರಲ್ಲಿ ಕಾರಣ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ದಾಸ್ತಾನು ಬರಿದಾದಾಗ ನರದಲ್ಲಿ ಆಗುವುದೇನು? ದೇಹದಲ್ಲಿ ಬಿ12 ಮಾಡುವ ಕೆಲಸ ಎರಡೇ ಎರಡು. ಒಂದು, ಹೋಮೋಸಿಸ್ಟೀನ್ ಎಂಬ ವಸ್ತುವನ್ನು ಮೆಥಿಯೊನಿನ್ ಆಗಿಸುವುದು. ಮಯಲಿನ್ ಹೊದಿಕೆಯನ್ನು ಕಟ್ಟಲು, ಸುಸ್ಥಿತಿಯಲ್ಲಿಡಲು ಬೇಕಾದ ಮೀಥೈಲ್ ಗುಂಪು ಎಂಬ ಸಣ್ಣ ರಾಸಾಯನಿಕ ತುಣುಕು ಇಲ್ಲಿಂದಲೇ ಸಿಗುತ್ತದೆ. ಇನ್ನೊಂದು, ಮೀಥೈಲ್‌ಮಲೋನಿಕ್ ಆಮ್ಲ ಕೂಡಿಕೊಳ್ಳದಂತೆ ನೋಡಿಕೊಳ್ಳುವುದು. ಎರಡೂ ನಿಂತಾಗ ಹೊದಿಕೆ ಅಲ್ಲಲ್ಲಿ ಊದಿಕೊಂಡು ಕಳಚುತ್ತದೆ, ಆಮೇಲೆ ಒಳಗಿನ ಎಳೆಯೂ ಸಾಯುತ್ತದೆ. ಕೈಕಾಲಿನ ನರಗಳಿಗಿಂತಲೂ ಬೆನ್ನುಹುರಿಯ ಹಿಂಭಾಗದ ಕಂಬಗಳಿಗೆ ಇದರ ಪೆಟ್ಟು ಜೋರು. ಕಂಪನದ ಅರಿವು, ಕಣ್ಣು ಮುಚ್ಚಿಯೂ ಕಾಲು ಎಲ್ಲಿದೆ ಎಂದು ತಿಳಿಯುವ ಅರಿವು ಮೆದುಳಿಗೆ ಹೋಗುವುದು ಆ ಕಂಬಗಳ ಮೂಲಕ. ಅದು ಹೋದರೂ ಕಣ್ಣು ಸ್ವಲ್ಪ ಕಾಲ ಸಂಭಾಳಿಸುತ್ತದೆ. ನೆಲ ನೋಡಿಕೊಂಡು ನಡೆಯಬಹುದು. ಕತ್ತಲಾದಾಗ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ತಲೆಗೆ ನೀರು ಹೊಯ್ದುಕೊಂಡಾಗ ಆ ಆಸರೆಯೂ ತಪ್ಪುತ್ತದೆ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ರೋಂಬರ್ಗ್ ಪರೀಕ್ಷೆಯಲ್ಲಿ ವೈದ್ಯರು ನೋಡುವುದು ಇದನ್ನೇ. ದೊಡ್ಡಮ್ಮನ ಬಚ್ಚಲು ಅದನ್ನು ಎರಡು ತಿಂಗಳು ಮೊದಲೇ ಮಾಡಿ ತೋರಿಸಿತ್ತು. ಮುಂದುವರಿದರೆ ಬೆನ್ನುಹುರಿಯ ಪಕ್ಕದ ಕಂಬಗಳಿಗೂ ಹಬ್ಬಿ ಕಾಲುಗಳು ಬಿಗಿಯಾಗುತ್ತವೆ. ಕೆಲವರಲ್ಲಿ ಮರೆವು, ಸಿಡುಕು, ಖಿನ್ನತೆಗಳೇ ಮೊದಲು ಕಾಣಿಸಿಕೊಳ್ಳುತ್ತವೆ. ನಮ್ಮವರಲ್ಲಿ ಬೆರಳ ಗೆಣ್ಣುಗಳು ಕಪ್ಪಾಗುವುದು, ನಾಲಿಗೆ ನುಣುಪಾಗಿ ಕೆಂಪಾಗುವುದು ಹೊರಗೆ ಕಾಣುವ ಗುರುತುಗಳು.

ಬಿ12 ಕೊರತೆ ಹೆಚ್ಚಾಗಿ ರಕ್ತಹೀನತೆಯನ್ನೂ ತರುವುದರಿಂದ, ರಕ್ತಹೀನತೆ ಇಲ್ಲದಿದ್ದರೆ ಬಿ12 ಕೊರತೆಯೂ ಇಲ್ಲ ಎಂಬ ನಂಬಿಕೆ ಹುಟ್ಟಿ ಬಹಳ ಹಾನಿ ಮಾಡಿದೆ. 1988ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಯಾಗಿದ್ದ 141 ಮಂದಿಯ ಪೈಕಿ 40 ಮಂದಿಗೆ ರಕ್ತಹೀನತೆಯಾಗಲಿ, ಕೆಂಪು ರಕ್ತಕಣಗಳ ಗಾತ್ರ ಹಿಗ್ಗುವುದಾಗಲಿ ಇರಲಿಲ್ಲ. ಇದಕ್ಕೂ ಹಳೆಯ ಇನ್ನೊಂದು ಪಾಠ ಫೋಲಿಕ್ ಆಮ್ಲದ್ದು. ಅದರ ಕತೆ ನಮ್ಮ ಪಶ್ಚಿಮ ಕರಾವಳಿಯ ಮುಂಬಯಿಯಲ್ಲೇ ಶುರುವಾಯಿತು: 1928ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ತೀವ್ರ ರಕ್ತಹೀನತೆಯನ್ನು ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದರು, ಅದರಲ್ಲಿದ್ದ ಅಂಶವೇ ಮುಂದೆ ಫೋಲೇಟ್ ಎಂದು ತಿಳಿಯಿತು. 1940ರ ದಶಕದಲ್ಲಿ ಅದರ ಕೃತಕ ರೂಪವಾದ ಫೋಲಿಕ್ ಆಮ್ಲ ಸಿಕ್ಕಿದಾಗ ವೈದ್ಯರು ಅದನ್ನು ಪರ್ನಿಷಿಯಸ್ ಅನೀಮಿಯಾದವರಿಗೂ ಕೊಟ್ಟರು. ರಕ್ತ ಸುಧಾರಿಸಿತು, ಮುಖಕ್ಕೆ ಕಳೆ ಬಂತು. ಬೆನ್ನುಹುರಿ ಮಾತ್ರ ಒಳಗೊಳಗೆ ಕೆಡುತ್ತಲೇ ಹೋಯಿತು. ಬಿ12 ನೋಡದೆ ದೊಡ್ಡ ಪ್ರಮಾಣದ ಫೋಲಿಕ್ ಆಮ್ಲವನ್ನೊಂದೇ ಕೊಡಬಾರದು ಎಂಬ ಎಚ್ಚರಿಕೆ ಹುಟ್ಟಿದ್ದು ಹೀಗೆ. ಬಸುರಿಯರ ಫೋಲಿಕ್ ಆಮ್ಲದ ಮಾತು ಬೇರೆ. ಮಗುವಿನ ಬೆನ್ನುಹುರಿಯಾಗುವ ನಾಳ ಗರ್ಭಧಾರಣೆಯ 28ನೇ ದಿನದ ಹೊತ್ತಿಗೆ ಮುಚ್ಚಿಬಿಡುತ್ತದೆ, ಆ ವೇಳೆಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಮಗು ಬೇಕೆಂದು ಬಯಸುವಾಗಲೇ ದಿನಕ್ಕೆ 400 ಮೈಕ್ರೋಗ್ರಾಮ್ ಶುರು ಮಾಡಬೇಕೆನ್ನುವುದು ಅದಕ್ಕಾಗಿ.

ಸಸ್ಯಾಹಾರಿ ಮನೆಗಳ ಲೆಕ್ಕ ಬಟ್ಟಲಿನಲ್ಲೇ ಬಿಗಿ. ಒಂದು ದೊಡ್ಡ ಲೋಟ, ಅಂದರೆ ಕಾಲು ಲೀಟರ್ ಹಾಲಿನಲ್ಲಿ ಹೆಚ್ಚು ಕಡಿಮೆ ಒಂದು ಮೈಕ್ರೋಗ್ರಾಮ್ ಬಿ12 ಇರುತ್ತದೆ. ಎರಡು ಹೊತ್ತಿನ ಕಾಫಿಗೆ ಬೀಳುವ ಹಾಲು, ಊಟದ ಕೊನೆಯ ನೀರು ಮಜ್ಜಿಗೆ ಇವೆರಡನ್ನೇ ನಂಬಿದರೆ ದಿನದ ಲೆಕ್ಕ ತುಂಬುವುದಿಲ್ಲ; ಗಟ್ಟಿ ಮೊಸರು, ಹಾಲು, ಪನೀರ್ ಸೇರಿ ಒಟ್ಟು ಅರ್ಧ ಲೀಟರ್ ಹಾಲಿನಷ್ಟಾದರೂ ಬೇಕು. ಇಡ್ಲಿ ಹಿಟ್ಟು ಹುಳಿ ಬರುವಾಗ ಬಿ12 ಹುಟ್ಟುತ್ತದೆ, ಸ್ಪಿರುಲಿನಾ ಪುಡಿಯಲ್ಲಿ ಬೇಕಾದಷ್ಟಿದೆ ಎಂಬ ಮಾತುಗಳನ್ನು ಈಗ ಎಲ್ಲೆಡೆ ಕೇಳುತ್ತೇವೆ. ಹುಳಿಹಿಟ್ಟಿನ ಮೇಲೆ ಭರವಸೆ ಇಡುವಂತಿಲ್ಲ, ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ರೂಪ. ಈ ಕೊರತೆಯ ಅತಿ ದುಃಖದ ರೂಪ ಹಸುಗೂಸುಗಳಲ್ಲಿ ಕಾಣುತ್ತದೆ. ತಾಯಿಯ ದಾಸ್ತಾನು ಬರಿದಾಗಿದ್ದು, ಮಗು ಎದೆಹಾಲನ್ನೇ ನೆಚ್ಚಿಕೊಂಡಿದ್ದರೆ, ಚೆನ್ನಾಗಿ ನಗುತ್ತಿದ್ದ, ಕತ್ತು ನಿಲ್ಲಿಸಿದ್ದ ಕೂಸು ಅರ್ಧ ವರ್ಷ ದಾಟಿದ ಮೇಲೆ ಕಲಿತದ್ದನ್ನು ಒಂದೊಂದಾಗಿ ಮರೆಯತೊಡಗುತ್ತದೆ. ಮಂಕಾಗುತ್ತದೆ, ಕೆಲವೊಮ್ಮೆ ಕೈ, ತಲೆ ನಡುಗತೊಡಗುತ್ತವೆ. ತಾಯಿಗೆ ಮೈಯಲ್ಲಿ ಏನೂ ಅನಿಸಿರುವುದಿಲ್ಲ.

ಬಿ1, ಅಂದರೆ ಥಯಮಿನ್ನಿನ ಸ್ವಭಾವ ಇದಕ್ಕೆ ತದ್ವಿರುದ್ಧ. ದೇಹದಲ್ಲಿ ಇರುವುದೇ ಸುಮಾರು 30 ಮಿಲಿಗ್ರಾಮ್, ದಿನಕ್ಕೆ ಬೇಕಾದದ್ದು ಒಂದು ಮಿಲಿಗ್ರಾಮಿಗಿಂತ ಹೆಚ್ಚು. ಎರಡು ಮೂರು ವಾರದಲ್ಲಿ ದಾಸ್ತಾನು ಖಾಲಿ. ಗ್ಲೂಕೋಸನ್ನು ಶಕ್ತಿಯಾಗಿ ಮಾರ್ಪಡಿಸುವ ಹಂತಗಳಲ್ಲಿ ಅದು ಬೇಕೇಬೇಕು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮೆದುಳು ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ತಿನ್ನುವುದರಿಂದ ಏಟು ಮೊದಲು ಬೀಳುವುದು ನರವ್ಯೂಹಕ್ಕೂ ಹೃದಯಕ್ಕೂ. ಕಾಲು ಸೋತು ಬೀಳುವ ಬೆರಿಬೆರಿ ರೋಗ ಇದೇ. ಇದರ ಪತ್ತೆಯ ಚರಿತ್ರೆಯಲ್ಲಿ ನಮ್ಮ ಕುಚ್ಚಲಕ್ಕಿಗೂ ಒಂದು ಪಾತ್ರವಿದೆ, ಕರಾವಳಿಯವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ನಾನು ಕೇಳಿಲ್ಲವಾದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ.

1890ರ ಸುಮಾರಿಗೆ, ಇಂದಿನ ಜಕಾರ್ತಾ ಆಗಿರುವ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಅವರ ಕೋಳಿಗಳ ಕಾಲು ಬಿದ್ದುಹೋದವು. ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಅವುಗಳ ಆಹಾರವಾಗಿತ್ತು. ಹೊಸದಾಗಿ ಬಂದ ಅಡುಗೆಯವ ಸೈನ್ಯದ ಅನ್ನವನ್ನು ಕೋಳಿಗೆ ಕೊಡಲು ಒಪ್ಪದೆ ತೌಡು ತೆಗೆಯದ ಅಕ್ಕಿ ಹಾಕತೊಡಗಿದ ಮೇಲೆ ಅವು ಚೇತರಿಸಿಕೊಂಡವು. ರೋಗಾಣುವನ್ನು ಹುಡುಕುತ್ತಿದ್ದವರಿಗೆ ತೌಡು ಸಿಕ್ಕಿತು. ಐಕ್ಮನ್ ಅವರಿಗೆ 1929ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಅದಕ್ಕೂ ಮೊದಲು, 1905ರಲ್ಲಿ, ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಯಾಮಿನ (ಇಂದಿನ ಥಾಯ್ಲೆಂಡ್) ಬೆಳ್ತಿಗೆಯನ್ನೂ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯನ್ನೂ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿಯನ್ನೂ ಕೊಟ್ಟರು. ಬೆರಿಬೆರಿ ಹಬ್ಬಿದ್ದು ಬೆಳ್ತಿಗೆಯ ಗುಂಪಿನಲ್ಲಿ. ಕುಚ್ಚಲಕ್ಕಿಯವರು ಅದರಿಂದ ಪಾರಾದರು. ಇಂದಿನ ಮಾನದಂಡದಲ್ಲಿ ನೋಡಿದರೆ ಆ ಪ್ರಯೋಗ ನೈತಿಕವೇ ಅಲ್ಲ, ಆದರೆ ಫಲಿತಾಂಶ ಸ್ಪಷ್ಟವಾಗಿತ್ತು.

ಕಾರಣ ನಮ್ಮ ಅಜ್ಜಿಯರ ಹಂಡೆಯಲ್ಲಿತ್ತು. ಭತ್ತವನ್ನು ನೆನೆಹಾಕಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸುವಾಗ, ನೀರಿನಲ್ಲಿ ಕರಗುವ ಥಯಮಿನ್ ಹೊರಗಿನ ತೌಡಿನ ಪದರದಿಂದ ಕಾಳಿನ ಒಳಕ್ಕೆ ಇಳಿಯುತ್ತದೆ. ಬೆಂದ ಪಿಷ್ಟ ಗಟ್ಟಿಯಾಗಿ ಅದನ್ನು ಅಲ್ಲೇ ಹಿಡಿದಿಡುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ವಿಟಮಿನ್ನಿನ ದೊಡ್ಡ ಪಾಲು ಉಳಿಯುತ್ತದೆ. ಬೆಳ್ತಿಗೆಯಲ್ಲಿ ತೌಡಿನ ಜೊತೆ ಅದೂ ಹೋಗುತ್ತದೆ. ಕುಚ್ಚಲಕ್ಕಿಯಲ್ಲೂ ಅಕ್ಕಿ ನಾಲ್ಕು ಸಲ ತೊಳೆದು, ಅನ್ನ ಬಸಿದ ನೀರನ್ನು ಚರಂಡಿಗೆ ಚೆಲ್ಲಿದರೆ ಲಾಭ ಕಡಿಮೆಯಾಗುತ್ತದೆ. ಗಂಜಿಯ ತಿಳಿಯನ್ನು ಉಪ್ಪು ಹಾಕಿ ಕುಡಿಯುವ ನಮ್ಮ ರೂಢಿ ಈ ಲೆಕ್ಕದಲ್ಲಿ ಸರಿಯಾದದ್ದು. ಇಷ್ಟು ಹೇಳಿದ ಮಾತ್ರಕ್ಕೆ ಕುಚ್ಚಲಕ್ಕಿ ಸರ್ವರೋಗಕ್ಕೆ ಮದ್ದು ಎಂದು ಯಾರೂ ತಿಳಿಯಬಾರದು. ಅದರಲ್ಲಿ ಬಿ12 ಒಂದು ಕಣವೂ ಇಲ್ಲ.

ಥಯಮಿನ್ ಕೊರತೆ ಇಂದು ನಮ್ಮಲ್ಲಿ ಕಾಣುವುದು ಹೆಚ್ಚಾಗಿ ಬೇರೆ ಬಾಗಿಲುಗಳಿಂದ. ಊಟ ಬಿಟ್ಟು ಕುಡಿಯುವವರಲ್ಲಿ ಮದ್ಯ ಕರುಳಿನ ಹೀರುವಿಕೆಯನ್ನೇ ತಡೆಯುತ್ತದೆ. ವಾರಗಟ್ಟಲೆ ವಾಂತಿಯಾಗುವ ಬಸುರಿಯರಲ್ಲಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಏನೂ ಹೊಟ್ಟೆಯಲ್ಲಿ ನಿಲ್ಲದವರಲ್ಲಿ ಮದ್ಯದ ಹನಿಯೂ ಇಲ್ಲದೆ ಅದೇ ಆಗಬಹುದು. ಕಣ್ಣುಗುಡ್ಡೆ ಅತ್ತಿತ್ತ ಅದುರುವುದು ಅಥವಾ ಎರಡಾಗಿ ಕಾಣುವುದು, ನಡೆ ತಪ್ಪುವುದು, ಮಾತು ಗೊಂದಲವಾಗುವುದು: 1881ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ಈ ತುರ್ತು ಸ್ಥಿತಿಯ ಮೊದಲ ಮೂವರು ರೋಗಿಗಳಲ್ಲಿ ಒಬ್ಬಾಕೆ ಆಮ್ಲ ಕುಡಿದು ನಿಲ್ಲದ ವಾಂತಿಗೆ ಸಿಕ್ಕ ಯುವತಿಯೇ ಆಗಿದ್ದಳು. ಮೂರೂ ಲಕ್ಷಣ ಒಟ್ಟಿಗೆ ಇರುವುದು ಕಡಿಮೆ, ಆದ್ದರಿಂದ ಕುಡಿದದ್ದು ಇಳಿದಿಲ್ಲ ಎಂದುಕೊಂಡು ಮೂಲೆಯಲ್ಲಿ ಮಲಗಿಸಿದ ಮನುಷ್ಯನ ಮೆದುಳು ಗಂಟೆಗಳಲ್ಲಿ ಹಾಳಾಗುತ್ತಿರಬಹುದು. ತಡವಾದರೆ ಹೊಸ ನೆನಪು ನಿಲ್ಲದ ಕೋರ್ಸಕಾಫ್ ಸ್ಥಿತಿ ಶಾಶ್ವತವಾಗಿ ಉಳಿಯುತ್ತದೆ. ಇಂಥವರಿಗೆ 'ನಿತ್ರಾಣಕ್ಕೆ ಒಂದು ಗ್ಲೂಕೋಸ್ ಹಾಕಿಬಿಡಿ' ಎಂದು ಮನೆಯವರು ಕೇಳಿಕೊಳ್ಳುವುದು ಸಾಮಾನ್ಯ. ಥಯಮಿನ್ ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದಿದ್ದ ಚೂರು ಥಯಮಿನ್ನೂ ಮುಗಿಯುತ್ತದೆ; ಥಯಮಿನ್ ಮೊದಲು ಅಥವಾ ಜೊತೆಗೇ ಹೋಗಬೇಕು, ಅದೂ ರಕ್ತನಾಳಕ್ಕೆ. 2003ರಲ್ಲಿ ಇಸ್ರೇಲಿನಲ್ಲಿ ಸೋಯಾ ಶಿಶು ಆಹಾರವೊಂದಕ್ಕೆ ಥಯಮಿನ್ ಸೇರದೆ ಹೋದದ್ದರಿಂದ ಶಿಶುಗಳು ಸತ್ತವು, ಬದುಕುಳಿದ ಕೆಲವು ಮಕ್ಕಳ ಬೆಳವಣಿಗೆ ಕುಂಠಿತವಾಯಿತು.

ಬಿ6ರ ವಿಶೇಷವೆಂದರೆ ಅದು ಕಡಿಮೆಯಾದರೂ ನರ ಕೆಡುತ್ತದೆ, ಅತಿಯಾದರೂ ಕೆಡುತ್ತದೆ. ಊಟದಲ್ಲಿ ಅದರ ಕೊರತೆ ಅಪರೂಪ; ಕ್ಷಯರೋಗಕ್ಕೆ ಕೊಡುವ ಐಸೊನಿಯಾಜಿಡ್ ಔಷಧ ಅದನ್ನು ಕಟ್ಟಿಹಾಕಿ ಮೂತ್ರದಲ್ಲಿ ಹೊರದೂಡುತ್ತದೆ, ಆದ್ದರಿಂದಲೇ ಟಿಬಿ ಮಾತ್ರೆಗಳ ಜೊತೆ ಬಿ6 ಕೊಡುತ್ತಾರೆ. ಆ ಸಣ್ಣ ಮಾತ್ರೆಯನ್ನು ಬರೀ ಶಕ್ತಿಯ ಮಾತ್ರೆಯೆಂದು ಬದಿಗಿಟ್ಟರೆ ಪಾದ ಉರಿಯತೊಡಗುತ್ತದೆ. ಇನ್ನೊಂದು ಕಡೆ, 1983ರಲ್ಲಿ ಅಮೆರಿಕದ ವೈದ್ಯರು ದಿನಕ್ಕೆ 2ರಿಂದ 6 ಗ್ರಾಮ್ ಬಿ6 ನುಂಗುತ್ತಿದ್ದ ಏಳು ಮಂದಿಯನ್ನು ವಿವರಿಸಿದರು. ಅವರ ಸ್ಪರ್ಶದ ನರಗಳು ಸತ್ತು ನಡೆಯುವುದೇ ಕಷ್ಟವಾಗಿತ್ತು. ಆ ಮೇಲೆ ಬಹಳ ಕಡಿಮೆ ಪ್ರಮಾಣದಲ್ಲೂ, ದೀರ್ಘಕಾಲ ತೆಗೆದುಕೊಂಡವರಲ್ಲಿ ಹಾನಿ ಕಂಡದ್ದರಿಂದ 2023ರಲ್ಲಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ದಿನದ ಮಿತಿಯನ್ನು 12 ಮಿಲಿಗ್ರಾಮಿಗೆ ಇಳಿಸಿತು. ಔಷಧದಂಗಡಿಯಲ್ಲಿ 'ನರದ ಮಾತ್ರೆ' ಎಂದು ಕೇಳಿ ಪಡೆಯುವ ಎಷ್ಟೋ ಪಟ್ಟಿಗಳಲ್ಲಿ ಬಿ12ರ ಜೊತೆ ಬಿ6 ಕೂಡಿರುತ್ತದೆ. ಎರಡು ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲಿ ಅದೇ ಇದ್ದು ವರ್ಷಗಟ್ಟಲೆ ನುಂಗಿದರೆ, ಜೋಮಿಗೆಂದು ತೆಗೆದುಕೊಂಡದ್ದೇ ಜೋಮಿಗೆ ಕಾರಣವಾಗಬಹುದು. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲು ಕನ್ನಡಕ ಹಾಕಿಕೊಳ್ಳುವ ಶ್ರಮ ಇಲ್ಲಿ ವ್ಯರ್ಥವಲ್ಲ.

ಉಳಿದವನ್ನು ಬೇಗ ಮುಗಿಸಬಹುದು. ನಯಾಸಿನ್ (ಬಿ3) ಕೊರತೆಯ ಪೆಲಾಗ್ರಾ ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಹಿಂದೆ ಕಾಣುತ್ತಿತ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗುವುದು, ಭೇದಿ, ಮತಿವಿಕಲತೆ. ವಿಟಮಿನ್ ಇ ಕೊರತೆ ಊಟದಿಂದ ಆಗುವುದೇ ಇಲ್ಲವೆನ್ನಬಹುದು. ಕೊಬ್ಬನ್ನು ಹೀರಲಾಗದ ಕರುಳು, ಪಿತ್ತನಾಳದ ಕಾಯಿಲೆಗಳಲ್ಲಿ ವರ್ಷಗಳ ಮೇಲೆ ಬಿ12 ಕೊರತೆಯನ್ನೇ ಹೋಲುವ ತೂಗಾಟ ತರುತ್ತದೆ. ನಿಜಜೀವನದಲ್ಲಿ ಕೊರತೆಗಳು ಒಂದೊಂದಾಗಿ ಬರುವುದೂ ಕಡಿಮೆ. ಕ್ಯೂಬಾದಲ್ಲಿ ಆಹಾರದ ಬಿಕ್ಕಟ್ಟಿನ ನಡುವೆ 1992-93ರಲ್ಲಿ 50,000ಕ್ಕೂ ಹೆಚ್ಚು ಜನರ ಕಣ್ಣು ಮಂಜಾಗಿ, ಕಾಲು ಉರಿಯತೊಡಗಿತು. ಇಡೀ ದೇಶಕ್ಕೆ ಬಿ ವಿಟಮಿನ್ ಮಾತ್ರೆ ಹಂಚಿದ ಮೇಲೆ ಹೊಸ ರೋಗಿಗಳ ಸಂಖ್ಯೆ ಇಳಿಯಿತು.

ಪರೀಕ್ಷೆಯ ವಿಷಯದಲ್ಲಿ ಎರಡು ಮಾತು. ಬಿ12 ಮಟ್ಟ 200ರಿಂದ 300ರ ನಡುವೆ ಇದ್ದರೆ ಅದು ಸಂದೇಹದ ವಲಯ. ಲಕ್ಷಣಗಳಿದ್ದರೆ, ಬಿ12 ಇಲ್ಲದಾಗ ಕೂಡಿಕೊಳ್ಳುವ ಹೋಮೋಸಿಸ್ಟೀನ್, ಮೀಥೈಲ್‌ಮಲೋನಿಕ್ ಆಮ್ಲ ನೋಡಿದಾಗ ಅಂಗಾಂಶದ ಒಳಗಿನ ಸ್ಥಿತಿ ತಿಳಿಯುತ್ತದೆ. ಮೊದಲೇ ನಾಲ್ಕು ದಿನ ವಿಟಮಿನ್ ಮಾತ್ರೆ ನುಂಗಿ ರಕ್ತ ಕೊಟ್ಟರೆ ಅಂಕಿ ಚೆನ್ನಾಗಿ ಬರುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಚಿಕಿತ್ಸೆಯಲ್ಲಿ ನರದ ಲಕ್ಷಣಗಳಿದ್ದವರಿಗೆ ಸಾಮಾನ್ಯವಾಗಿ 1000 ಮೈಕ್ರೋಗ್ರಾಮಿನ ಇಂಜೆಕ್ಷನ್‌ಗಳನ್ನು ಮೊದಲು ಒತ್ತೊತ್ತಾಗಿ, ಆಮೇಲೆ ತಿಂಗಳಿಗೊಂದರಂತೆ ಕೊಡುತ್ತಾರೆ. ಮಾತ್ರೆಯೂ ಕೆಲಸ ಮಾಡುತ್ತದೆ, ಅದರ ಲೆಕ್ಕ ಸೊಗಸಾಗಿದೆ: ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನುಂಗಿದ ಬಿ12ರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಕರುಳಿನ ಗೋಡೆ ದಾಟುತ್ತದೆ, 1000 ಮೈಕ್ರೋಗ್ರಾಮ್ ನುಂಗಿದರೆ ಸುಮಾರು 10 ಒಳಗೆ ಹೋಗುತ್ತದೆ, ದಿನಕ್ಕೆ ಬೇಕಾದದ್ದು ಎರಡಕ್ಕಿಂತ ತುಸು ಹೆಚ್ಚು. ಎಲ್ಲ ಬಾಗಿಲು ಮುಚ್ಚಿದ ಮೇಲೂ ಕಿಟಕಿಯ ಸಂದಿಯಿಂದ ಬೇಕಾದಷ್ಟು ಬರುತ್ತದೆ ಎಂದ ಹಾಗಾಯಿತು.

ರಕ್ತ ವಾರಗಳಲ್ಲಿ ಸರಿಹೋಗುತ್ತದೆ, ನರ ಹೋಗುವುದಿಲ್ಲ. ಕಳಚಿದ ಹೊದಿಕೆ ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ಕೈಕಾಲಿನ ನರದಲ್ಲಿ ಎಳೆಯೇ ಸತ್ತಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬೆನ್ನುಹುರಿಯೊಳಗೆ ಸತ್ತ ಎಳೆ ಮರಳಿ ಬೆಳೆಯುವುದಿಲ್ಲ. ಹೀಗಾಗಿ ಜೋಮು ಶುರುವಾಗಿ ಕೆಲವೇ ತಿಂಗಳಲ್ಲಿ ಚಿಕಿತ್ಸೆ ಸಿಕ್ಕವರು ಬಹುಮಟ್ಟಿಗೆ ಗುಣವಾಗುತ್ತಾರೆ, ವರ್ಷಗಳ ಮೇಲೆ ಸಿಕ್ಕವರಲ್ಲಿ ಕೆಟ್ಟದ್ದು ಅಲ್ಲಿಗೆ ನಿಲ್ಲುವುದೇ ದೊಡ್ಡದು. ದೊಡ್ಡಮ್ಮನಿಗೆ ಇಂಜೆಕ್ಷನ್ ಶುರುವಾಗಿ ಈಗ ಹನ್ನೊಂದು ತಿಂಗಳು. ಟ್ಯೂನಿಂಗ್ ಫೋರ್ಕಿನ ಝುಂಕಾರ ಮೊಣಕಾಲಿನಿಂದ ಕಾಲಿನ ಗಂಟಿನವರೆಗೆ ಇಳಿದಿದೆ, ಹೆಬ್ಬೆರಳಿಗೆ ಇನ್ನೂ ಬಂದಿಲ್ಲ. ಹಗಲಿನಲ್ಲಿ ಮೀನಿಗೆ ಒಬ್ಬರೇ ಹೋಗಿ ಬರುತ್ತಾರೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು. ಬಚ್ಚಲಿನ ಗೋಡೆಗೆ ಒಂದು ಉಕ್ಕಿನ ಹಿಡಿ ಜಡಿಸಿದ್ದೇವೆ. ತಲೆಗೆ ನೀರು ಹೊಯ್ದುಕೊಳ್ಳುವಾಗ ಎಡಗೈ ಅದರ ಮೇಲೆಯೇ ಇರುತ್ತದೆ.